ಒಂದಗುಳು ಹಿಸುಕಿ ಹೊಳೆ ಅಳೆಯೋದು ಹೇಗೆ?

ಹೋದ ವಾರ ಚಳ್ಳಕೆರೆ ಕಡೆಯ ನಮ್ಮ ಸೋದರತ್ತೆ ಫೋನ್ ಮಾಡಿದ್ದರು. ಅವರ ಊರಿನ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕಳಿಸಿದ್ದರಂತೆ. ವರದಿ ಬಂದು, ಅದನ್ನು ಪಂಚಾಯಿತಿ ಗೋಡೆಗೆ ಅಂಟಿಸಿದ್ದಾರಂತೆ. ಅದರ ಫೋಟೊ ವಾಟ್ಸಾಪಿಗೆ ಬಂತು. "ಫ್ಲೋರೈಡು ಎರಡು ಪಾಯಿಂಟ್ ಒಂದು ಅಂತ ಬರ್ದಾರೆ, ಟಿಡಿಎಸ್ಸು ಸಾವಿರದ ನೂರು ಅಂತ ಬರ್ದಾರೆ. ಪಾಸೋ ಫೇಲೋ ಅಷ್ಟು ಹೇಳಪ್ಪ" ಎಂದರು.

ಅಂಕಪಟ್ಟಿ ಓದಿದ ಹಾಗೆ ಓದಿ ಹೇಳಿಬಿಡಬಹುದಿತ್ತು. ಆದರೆ ಅವತ್ತೇ ಬೆಳಿಗ್ಗೆ ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋದಾಗ ಜೊತೆಯವರೊಬ್ಬರು ಇನ್ನೊಂದು ಪ್ರಶ್ನೆ ಕೇಳಿದ್ದರು. "ಭದ್ರಾ ನಾಲೆಯಿಂದ ಕೆರೆ ತುಂಬಿಸಿ ನಮಗೆ ಕುಡಿಯಲು ಬಿಡ್ತಾರಲ್ಲ, ಈ ನೀರು ಹೇಗಿದೆ ಅಂತ ಯಾರಾದ್ರೂ ನೋಡ್ತಾ ಇರ್ತಾರಾ? ಕೆಡೋಕೆ ಮುಂಚೆ ಗೊತ್ತಾಗುತ್ತಾ, ಕೆಟ್ಟ ಮೇಲಾ?"

ಎರಡೂ ಪ್ರಶ್ನೆಯ ಬೇರು ಒಂದೇ. ನಮ್ಮ ದೇಶದಲ್ಲಿ ಹೊಳೆ, ಹಳ್ಳ, ಕೆರೆಗಳಿಗೆ ಲೆಕ್ಕವಿಲ್ಲ. ಬೋರ್‌ವೆಲ್‌ಗಳಂತೂ ಕೋಟಿಗಟ್ಟಲೆ. ಎಲ್ಲದರ ನೀರನ್ನೂ ದಿನಾ ಬಾಟಲಿಗೆ ತುಂಬಿ ನೋಡಲು ಆಗುವುದಿಲ್ಲ. ಹಾಗಾದರೆ ಅಳೆದ ನಾಲ್ಕು ಕಡೆಯಿಂದ ಅಳೆಯದ ನಾನೂರು ಕಡೆಯ ನೀರನ್ನು ತಿಳಿಯುವುದು ಹೇಗೆ? ಇವತ್ತಿನದರಿಂದ ನಾಳೆಯದನ್ನು ಹೇಳುವುದು ಹೇಗೆ?

ಅನ್ನದ ಲೆಕ್ಕ ಬೇರೆ, ಮಂಡಕ್ಕಿ ಲೆಕ್ಕ ಬೇರೆ

ಅನ್ನ ಬೆಂದಿದೆಯಾ ಅಂತ ನೋಡಲು ಒಂದಗುಳು ಹಿಸುಕಿದರೆ ಸಾಕು. ಯಾಕೆ ಸಾಕು? ಪಾತ್ರೆಯಲ್ಲಿರುವ ಅಕ್ಕಿಗೆಲ್ಲ ಒಂದೇ ನೀರು, ಒಂದೇ ಉರಿ, ಒಂದೇ ಹೊತ್ತು. ಒಂದು ಅಗುಳಿನ ಕತೆಯೇ ಮಿಕ್ಕ ಅಗುಳಿನ ಕತೆ.

ಈಗ ನಮ್ಮೂರ ಖಾರ ಮಂಡಕ್ಕಿ ತಗೊಳ್ಳಿ. ಮೊದಲ ಹಿಡಿಗೆ ಬರೀ ಮಂಡಕ್ಕಿ ಬರಬಹುದು. ಎರಡನೆಯದಕ್ಕೆ ಕಡಲೆಬೀಜ. ಮೂರನೆಯದಕ್ಕೆ ಹಸಿಮೆಣಸಿನಕಾಯಿ ಚೂರು ಸಿಕ್ಕಿ ಕಣ್ಣಲ್ಲಿ ನೀರು. ಒಂದು ಹಿಡಿ ತಿಂದು ಇಡೀ ಪೊಟ್ಟಣದ ರುಚಿ ಹೇಳಲು ಬರುವುದಿಲ್ಲ.

ಹೊಳೆ, ಕೆರೆ, ನೆಲದಡಿ ನೀರು ಮಂಡಕ್ಕಿ ಜಾತಿಯವು. ಹರಿಹರದ ಹತ್ತಿರ ತುಂಗಭದ್ರೆಯ ನೀರು ಚರಂಡಿ ಸೇರುವ ಜಾಗಕ್ಕಿಂತ ಮೇಲೆ ಒಂದು ಥರ, ಕೆಳಗೆ ಇನ್ನೊಂದು ಥರ. ಚರಂಡಿ ಸೇರಿದ ದಡದಲ್ಲಿ ಒಂದು ಥರ, ಎದುರು ದಡದಲ್ಲಿ ಬೇರೆ. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕ ಧಾರಾಳವಾಗಿ ಇರುತ್ತದೆ, ಬೆಳಗಿನ ಜಾವಕ್ಕೆ ಅದೇ ಕೆರೆಯಲ್ಲಿ ಮೀನು ಬಾಯಿ ಬಿಡುತ್ತಿರುತ್ತದೆ. ಅಕ್ಕಪಕ್ಕದ ಹೊಲದ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಸಿಹಿ, ಒಂದು ಸವಳು ಇರುವುದನ್ನು ನಮ್ಮ ಕಡೆ ನೋಡದವರು ಯಾರು? ಆಳ ಬೇರೆ, ಬಂಡೆಯ ಬಿರುಕು ಬೇರೆ, ನೀರು ಬಂದ ದಾರಿ ಬೇರೆ.

ಹಾಗಾಗಿ ನೀರಿನ ಯಾವ ಅಂಕಿಯನ್ನೇ ನೋಡಿದರೂ ಮೂರು ಮಾತು ಜೊತೆಗಿರಬೇಕು. ಏನನ್ನು ಅಳೆದಿದ್ದು, ಎಲ್ಲಿ ಅಳೆದಿದ್ದು, ಯಾವಾಗ ಅಳೆದಿದ್ದು. ಒಂದು ತಪ್ಪಿದರೂ ಅಂಕಿ ಸುಮ್ನೆ ಅಂಕಿಯಷ್ಟೇ.

ವರದಿಯಲ್ಲಿ ಬರೆದ ಪದಗಳು

ಮೊದಲು ಅಳತೆಗೋಲು. ವರದಿಯಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಬರೆದಿರುತ್ತಾರೆ. ಊರಲ್ಲಿ 50 ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕ್ ಇದೆ ಅಂದುಕೊಳ್ಳಿ. ಅದಕ್ಕೆ 50 ಗ್ರಾಂ ಉಪ್ಪು, ಅಂದರೆ ಒಂದು ಹಿಡಿ, ಹಾಕಿ ಕಲಸಿದರೆ ಲೀಟರಿಗೆ 1 ಮಿಲಿಗ್ರಾಂ ಆಯಿತು. ಇಷ್ಟು ಸಣ್ಣ ಪ್ರಮಾಣದ ಬಗ್ಗೆಯೇ ಈ ಮಾತೆಲ್ಲ. ನಾಲಿಗೆಗೆ ಗೊತ್ತಾಗುವ ಮಾತೇ ಅಲ್ಲ.

ಪಿಎಚ್ ಅಂದರೆ ನೀರು ಹುಳಿ ಕಡೆಗಿದೆಯೋ ಸುಣ್ಣದ ಕಡೆಗಿದೆಯೋ ಅನ್ನುವ ಅಳತೆ. 7 ನಡುಮಧ್ಯ. ಕುಡಿಯುವ ನೀರಿಗೆ 6.5ರಿಂದ 8.5 ಇರಬೇಕು.

ಟಿಡಿಎಸ್ ಅಂದರೆ ನೀರಲ್ಲಿ ಕರಗಿರುವ ಲವಣಗಳ ಒಟ್ಟು ಮೊತ್ತ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಚೆನ್ನ. ಬೇರೆ ನೀರೇ ಸಿಗದಿದ್ದರೆ 2000ದವರೆಗೆ ನಡೆಯುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಈಗ ಎಲ್ಲರ ಮನೆಯಲ್ಲೂ ಪೆನ್ನಿನಂಥ ಟಿಡಿಎಸ್ ಮೀಟರು ಬಂದುಬಿಟ್ಟಿದೆ. ಅದು ನೀರಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ ಲವಣವನ್ನು ಅಂದಾಜು ಮಾಡುತ್ತದೆ, ಅಷ್ಟೇ. ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದಿಲ್ಲ. ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಅಂತ ಬಿಡಿಸಿ ಹೇಳಲೂ ಅದಕ್ಕೆ ಬರುವುದಿಲ್ಲ. ಜೇಬಲ್ಲಿ ಒಟ್ಟು ಎಷ್ಟು ದುಡ್ಡಿದೆ ಅಂತ ಹೇಳಬಲ್ಲದು, ಅದರಲ್ಲಿ ಖೋಟಾ ನೋಟು ಇದೆಯೋ ಇಲ್ಲವೋ ಹೇಳಲಾರದು. ಫಿಲ್ಟರ್ ಮಾರಲು ಬಂದವರು ಎರಡು ಕಡ್ಡಿ ಅದ್ದಿ, ಕರೆಂಟ್ ಕೊಟ್ಟು, ನಿಮ್ಮ ನೀರನ್ನು ಕಂದು ಬಣ್ಣಕ್ಕೆ ತಿರುಗಿಸಿ ಹೆದರಿಸಿದರೆ ನೆನಪಿಡಿ: ಆ ಬಣ್ಣದಲ್ಲಿ ಬಹುಪಾಲು ಅವರ ಕಬ್ಬಿಣದ ಕಡ್ಡಿಯೇ ಕರಗಿದ್ದು. ಆರ್‌ಒ ನೀರು ತೋರಿಸಿದಾಗ ಬಣ್ಣ ಬರದಿರಲು ಕಾರಣ, ಲವಣ ಕಡಿಮೆಯಾಗಿ ಅದರಲ್ಲಿ ಕರೆಂಟು ಸರಿಯಾಗಿ ಹರಿಯದಿರುವುದು.

ಕೋಲಿಫಾರ್ಮ್ ಅನ್ನುವುದು ಒಂದು ಗುಂಪಿನ ಬ್ಯಾಕ್ಟೀರಿಯಾ. ಅದರಲ್ಲಿ ಇ-ಕೋಲಿ ಮನುಷ್ಯರ, ದನಕರುಗಳ ಕರುಳಲ್ಲಿ ಇರುತ್ತದೆ. ಅದು ನೀರಲ್ಲಿ ಸಿಕ್ಕಿತು ಅಂದರೆ ಮಲ ಎಲ್ಲೋ ನೀರಿಗೆ ಸೇರಿದೆ ಅಂತ ಅರ್ಥ. ಕಾಲರಾ, ಟೈಫಾಯ್ಡ್ ರೋಗಾಣುಗಳೂ ಅದೇ ದಾರಿಯಲ್ಲಿ ಬರಬಹುದು. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ-ಕೋಲಿ ಒಂದೂ ಇರಬಾರದು. ಇದರಲ್ಲಿ ರಿಯಾಯಿತಿಯೇ ಇಲ್ಲ.

ನೈಟ್ರೇಟ್ ಬರುವುದು ಯೂರಿಯಾದಿಂದ, ತಿಪ್ಪೆಯಿಂದ, ಕಕ್ಕಸು ಗುಂಡಿಯಿಂದ. ಮಿತಿ ಲೀಟರಿಗೆ 45 ಮಿಲಿಗ್ರಾಂ. ಹೆಚ್ಚಾದರೆ ಎಳೆಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಮೈ ನೀಲಿಗಟ್ಟುತ್ತದೆ.

ಫ್ಲೋರೈಡ್ ಯಾರೂ ಸುರಿದದ್ದಲ್ಲ, ಬಂಡೆಯಿಂದಲೇ ಕರಗಿ ಬರುವುದು. ಒಳ್ಳೆಯದು ಅಂದರೆ 1 ಮಿಲಿಗ್ರಾಂವರೆಗೆ, ಗತಿಯಿಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ಆಮೇಲೆ ಮೂಳೆ ಕೀಲುಗಳ ಬಿಗಿತ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀರಿನ ಹಸಿವು

ಹೊಳೆಯ ವರದಿಯಲ್ಲಿ ಇನ್ನೆರಡು ಪದ ಸಿಗುತ್ತವೆ, ಡಿಒ ಮತ್ತು ಬಿಒಡಿ. ಸರ್ಕಾರ ಯಾವುದಾದರೂ ಹೊಳೆ ಕೆಟ್ಟಿದೆ ಅಂತ ಹೇಳುವುದು ಬಹುಮಟ್ಟಿಗೆ ಎರಡನೆಯದನ್ನು ನೋಡಿಯೇ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಡಿಒ ಅಂದರೆ ನೀರಲ್ಲಿ ಕರಗಿರುವ ಆಮ್ಲಜನಕ. ಮೀನು ಉಸಿರಾಡುವುದು ಇದನ್ನೇ. 25 ಡಿಗ್ರಿ ಬಿಸಿಯ ಚೊಕ್ಕ ನೀರಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಕರಗಿರುತ್ತದೆ. ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. 4ಕ್ಕಿಂತ ಕೆಳಗೆ ಹೋದರೆ ಮೀನಿಗೆ ಕಷ್ಟ.

ಬಿಒಡಿಯನ್ನು ನೀರಿನ ಹಸಿವು ಅನ್ನಬಹುದು. ಚರಂಡಿ ನೀರು, ಕೊಳೆತ ಸೊಪ್ಪು, ಅನ್ನದ ಗಂಜಿ ಇಂಥವು ಹೊಳೆ ಸೇರಿದಾಗ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ತಿನ್ನುತ್ತಾ ಹೋದಂತೆ ನೀರಲ್ಲಿರುವ ಆಮ್ಲಜನಕವನ್ನೂ ಎಳೆದುಕೊಳ್ಳುತ್ತವೆ. ಎಷ್ಟು ಎಳೆದುಕೊಳ್ಳುತ್ತವೆ ಅನ್ನುವುದೇ ಬಿಒಡಿ. ನೀರನ್ನು ಬಾಟಲಿಯಲ್ಲಿ ಬಿಗಿದು, ಕತ್ತಲಲ್ಲಿ, 27 ಡಿಗ್ರಿ ಬಿಸಿಯಲ್ಲಿ 3 ದಿನ ಇಟ್ಟು, ಆಮ್ಲಜನಕ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ಅಂದರೆ ಈ ಒಂದು ಅಂಕಿ ಕೈಗೆ ಬರಲು ಮೂರು ದಿನ ಕಾಯಲೇಬೇಕು. ಅಷ್ಟರಲ್ಲಿ ಆ ನೀರು ಹರಿಹರ ದಾಟಿ ಎಲ್ಲಿಗೋ ಹೋಗಿರುತ್ತದೆ.

ಬಿಒಡಿ ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಆ ಹೊಳೆಯ ಭಾಗ ಕಲುಷಿತ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪಟ್ಟಿ ಮಾಡುತ್ತದೆ. 2018ರ ಪಟ್ಟಿಯಲ್ಲಿ ದೇಶದ 323 ನದಿಗಳ 351 ಭಾಗಗಳಿದ್ದವು. ಕರ್ನಾಟಕದ 17 ಇದ್ದವು, ನಮ್ಮ ತುಂಗಭದ್ರೆಯೂ ಅದರಲ್ಲಿತ್ತು. 2022ರಲ್ಲಿ ದೇಶದ ಲೆಕ್ಕ 279 ನದಿಗಳ 311 ಭಾಗಕ್ಕೆ ಇಳಿಯಿತು. ಇಳಿದದ್ದು ಒಳ್ಳೆಯ ಸುದ್ದಿಯೇ. ಆದರೆ 2.9 ಇದ್ದ ಹೊಳೆ ಪಟ್ಟಿಯಿಂದ ಹೊರಗೆ, 3.1 ಇದ್ದದ್ದು ಒಳಗೆ ಅನ್ನುವುದೂ ನೆನಪಲ್ಲಿರಲಿ. 35ಕ್ಕೆ ಪಾಸು, 34ಕ್ಕೆ ಫೇಲು ಇದ್ದ ಹಾಗೆ.

ಒಳ್ಳೆ ನೀರು, ಆದರೆ ಯಾವುದಕ್ಕೆ?

ಒಂದೇ ನೀರು ಭತ್ತಕ್ಕೆ ಒಳ್ಳೆಯದು, ಕೂಸಿಗೆ ಕೆಟ್ಟದ್ದು ಆಗಬಹುದು. ಅದಕ್ಕೇ ಮಂಡಳಿ ಹೊಳೆ ಕೆರೆಗಳಿಗೆ ಐದು ದರ್ಜೆ ಮಾಡಿದೆ. ಎ ದರ್ಜೆಯದನ್ನು ಕ್ರಿಮಿ ಕೊಂದರೆ ಸಾಕು, ಕುಡಿಯಬಹುದು. ಬಿ ದರ್ಜೆಯದು ಇಳಿದು ಸ್ನಾನ ಮಾಡಲು. ಸಿ ದರ್ಜೆಯದನ್ನು ಸರಿಯಾಗಿ ಶುದ್ಧೀಕರಿಸಿ ಕುಡಿಯಬಹುದು. ಡಿ ಮೀನಿಗೆ, ಕಾಡುಪ್ರಾಣಿಗೆ. ಇ ಹೊಲಗದ್ದೆಗೆ. ಗಮನಿಸಿ, ನೇರ ಸ್ನಾನದ ನೀರಿನ ನಿಯಮ ಶುದ್ಧೀಕರಿಸಿ ಕುಡಿಯುವ ನೀರಿನ ನಿಯಮಕ್ಕಿಂತ ಬಿಗಿ. ಮೊದಲ ಸಲ ಓದಿದಾಗ ನನಗೂ ತಲೆಕೆಳಗು ಅನ್ನಿಸಿತ್ತು. ಆಮೇಲೆ ಹೊಳೆಯಿತು, ಸ್ನಾನಕ್ಕೆ ಇಳಿದವರಿಗೂ ಹೊಳೆಗೂ ನಡುವೆ ಫಿಲ್ಟರ್ ಇರುವುದಿಲ್ಲವಲ್ಲ!

ಯಾರು ಅಳೆಯುತ್ತಾರೆ?

1974ರಲ್ಲಿ ನೀರಿನ ಮಾಲಿನ್ಯ ತಡೆ ಕಾಯ್ದೆ ಬಂತು. ಕೇಂದ್ರ ಮಂಡಳಿ, ರಾಜ್ಯ ಮಂಡಳಿಗಳು ಹುಟ್ಟಿದ್ದು ಆ ಕಾಯ್ದೆಯಿಂದ. ಈ ಮಂಡಳಿಗಳು ದೇಶದಲ್ಲಿ ಸುಮಾರು 4,700 ಕಡೆ ಹೊಳೆ, ಕೆರೆ, ನಾಲೆ, ಬಾವಿಗಳ ನೀರನ್ನು ನೋಡುತ್ತವೆ. ಹರಿಯುವ ನೀರನ್ನು ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ, ನೆಲದಡಿ ನೀರನ್ನು ಆರು ತಿಂಗಳಿಗೊಮ್ಮೆ.

ಕೇಂದ್ರ ಜಲ ಆಯೋಗದ್ದು ಬೇರೆ ಜಾಲ. ಅದರ ಮುಖ್ಯ ಕೆಲಸ ಹೊಳೆಯಲ್ಲಿ ಎಷ್ಟು ನೀರು ಹರಿಯುತ್ತಿದೆ ಅಂತ ಅಳೆಯುವುದು. ಹೊನ್ನಾಳಿಯಲ್ಲಿ ತುಂಗಭದ್ರೆಗೆ ಅವರ ಮಾಪನ ಕೇಂದ್ರವಿದೆ. ನೀರಿನ ಗುಣವನ್ನೂ ಆಯೋಗ ನೋಡುತ್ತದೆ. ಬಿಸಿ, ಬಣ್ಣ, ವಾಸನೆ, ಪಿಎಚ್‌ನಂಥವು ಸ್ಥಳದಲ್ಲೇ ಆಗುತ್ತವೆ, ಕಷ್ಟದ ಪರೀಕ್ಷೆಗಳು ದೊಡ್ಡ ಪ್ರಯೋಗಾಲಯಕ್ಕೆ ಹೋಗುತ್ತವೆ. ಹರಿವು ಮತ್ತು ಗುಣ, ಈ ಎರಡು ಅಂಕಿ ಒಂದೇ ಕಡೆ ಸಿಗುವುದು ಮುಂದೆ ಲೆಕ್ಕ ಹಾಕುವವರಿಗೆ ಬಹಳ ಮುಖ್ಯ.

ನೆಲದಡಿ ನೀರಿನದು ಕೇಂದ್ರ ಅಂತರ್ಜಲ ಮಂಡಳಿಯ ಪಾಲು. 2024ರ ಅವರ ವರದಿ 15 ಸಾವಿರಕ್ಕೂ ಹೆಚ್ಚು ಕಡೆಯ ನೀರನ್ನು ನೋಡಿ ಬರೆದದ್ದು. ಐದರಲ್ಲಿ ಒಂದು ಕಡೆ ನೈಟ್ರೇಟ್ ಮಿತಿ ಮೀರಿತ್ತು. ರಾಜಸ್ಥಾನ, ಕರ್ನಾಟಕ, ತಮಿಳುನಾಡು ಅದರಲ್ಲಿ ಮುಂದಿದ್ದವು. ಫ್ಲೋರೈಡ್ ಮಿತಿ ಮೀರಿದ್ದು ಶೇ. 9ರಷ್ಟು ಕಡೆ.

ಇನ್ನು ಮನೆಯ ನಲ್ಲಿ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡುವ ಏರ್ಪಾಡಿದೆ. ಸಣ್ಣ ಸೀಸೆಗೆ ನೀರು ಹಾಕಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲಮೂಲದ ಬ್ಯಾಕ್ಟೀರಿಯಾ ಇರುವ ಅನುಮಾನ. ಹನಿ ಹಾಕಿದಾಗ ಬಂದ ಬಣ್ಣವನ್ನು ಪಟ್ಟಿಗೆ ಹೋಲಿಸಿದರೆ ಫ್ಲೋರೈಡ್ ಅಂದಾಜು. ಕಿಟ್ ಖಚಿತ ಅಂಕಿ ಕೊಡದು, ಆದರೆ ಯಾವುದನ್ನು ಪ್ರಯೋಗಾಲಯಕ್ಕೆ ಕಳಿಸಬೇಕು ಅಂತ ತೋರಿಸುತ್ತದೆ.

ಬಾಟಲಿ ತುಂಬುವುದೂ ಒಂದು ವಿದ್ಯೆ

ನೀರು ತುಂಬುವುದರಲ್ಲಿ ಏನಿದೆ ಅಂತ ಅನ್ನಿಸಬಹುದು. ಬೇಕಾದಷ್ಟಿದೆ. ಬೋರ್‌ವೆಲ್‌ನದಾದರೆ ಸ್ವಲ್ಪ ಹೊತ್ತು ಮೋಟರ್ ಓಡಿಸಿ, ಪೈಪಿನಲ್ಲಿ ನಿಂತ ಹಳೆ ನೀರು ಹೋದ ಮೇಲೆ ಹಿಡಿಯಬೇಕು. ಹೊಳೆಯದಾದರೆ ಮೇಲಿನ ನೊರೆ ಬೇಡ, ತಳದ ಕೆಸರೂ ಬೇಡ, ಒಂದಡಿ ಕೆಳಗಿನದು ಬೇಕು. ಬ್ಯಾಕ್ಟೀರಿಯಾ ನೋಡುವ ಬಾಟಲಿಯನ್ನು ಮೊದಲೇ ಕ್ರಿಮಿರಹಿತ ಮಾಡಿರಬೇಕು, ಮುಚ್ಚಳದ ಒಳಗೆ ಬೆರಳು ಮುಟ್ಟಬಾರದು. ನಲ್ಲಿ ನೀರಲ್ಲಿ ಕ್ಲೋರಿನ್ ಇದ್ದರೆ ಅದನ್ನು ಅಡಗಿಸುವ ಪುಡಿ ಬಾಟಲಿಯಲ್ಲೇ ಇರಬೇಕು. ಇಲ್ಲದಿದ್ದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಸತ್ತು ವರದಿ ಸುಳ್ಳಾಗುತ್ತದೆ. ಮಂಜುಗಡ್ಡೆ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಬೇಕು.

ತೊಳೆದ ಪೆಪ್ಸಿ ಬಾಟಲಿಯಲ್ಲಿ ತುಂಬಿ, ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸಿದ ನೀರಿನ ವರದಿಯಲ್ಲಿ ಬಾಟಲಿಯ ಮತ್ತು ಬಿಸಿಲಿನ ಕತೆಯೂ ಬೆರೆತಿರುತ್ತದೆ.

ತಿಂಗಳಿಗೊಂದು ಬಾಟಲಿ ಸಾಕೇ?

ಇದಕ್ಕೆ ಉತ್ತರ, ಯಾವ ಕೇಡನ್ನು ಹುಡುಕುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಫ್ಲೋರೈಡ್‌ಗೆ ಅವಸರವಿಲ್ಲ. ಅದು ಬಂಡೆಯ ವ್ಯವಹಾರ, ವಾರದಲ್ಲಿ ಬದಲಾಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ನೋಡಿದರೂ ಚಿತ್ರ ಸಿಗುತ್ತದೆ.

ರೋಗಾಣುಗಳ ಮಾತು ಹಾಗಲ್ಲ. 2023ರ ಆಗಸ್ಟ್ ಮೊದಲಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಡೆದದ್ದು ಈ ಕಡೆಯವರು ಮರೆಯುವಂಥದ್ದಲ್ಲ. ಕಲುಷಿತ ನೀರು ಕುಡಿದು ವಾಂತಿ ಭೇದಿಯಿಂದ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರು ತೀರಿಕೊಂಡರು. ಇಂಥದ್ದು ಗಂಟೆಗಳಲ್ಲಿ ಆಗಿಹೋಗುತ್ತದೆ. ಹಿಂದಿನ ತಿಂಗಳ ವರದಿಯಲ್ಲಿ ನೀರು ಚೊಕ್ಕವಾಗಿದ್ದರೂ ಅದು ಇವತ್ತಿನ ಲೋಟವನ್ನು ಕಾಯದು. ಬ್ಯಾಕ್ಟೀರಿಯಾ ಪರೀಕ್ಷೆಗೇ ಒಂದು ದಿನದ ಮೇಲೆ ಬೇಕು.

ಅದಕ್ಕೇ ಇಲ್ಲಿ ಬೇರೆ ಉಪಾಯ. ಬ್ಯಾಕ್ಟೀರಿಯಾ ಹುಡುಕುವ ಬದಲು ಕಾವಲುಗಾರ ಇದ್ದಾನಾ ಅಂತ ನೋಡುವುದು. ನೀರಿಗೆ ಹಾಕಿದ ಕ್ಲೋರಿನ್ ಕ್ರಿಮಿ ಕೊಂದು ಮಿಕ್ಕು, ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಒಂದೆರಡು ಹನಿ ದ್ರಾವಣ ಹಾಕಿದರೆ ಹಳದಿ ಬಣ್ಣ ಬರುತ್ತದೆ, ನಿಮಿಷದ ಕೆಲಸ. ನಿನ್ನೆವರೆಗೆ ಹಳದಿ ಬರುತ್ತಿದ್ದ ನಲ್ಲಿಯಲ್ಲಿ ಇವತ್ತು ಬಣ್ಣವೇ ಬರಲಿಲ್ಲ ಅಂದರೆ ಒಂದೋ ಕ್ಲೋರಿನ್ ಹಾಕಿಲ್ಲ, ಇಲ್ಲವೇ ದಾರಿಯಲ್ಲಿ ಎಲ್ಲೋ ಕೊಳಕು ಸೇರಿ ಅದನ್ನು ತಿಂದುಹಾಕಿದೆ. ಎರಡಕ್ಕೂ ತಕ್ಷಣ ಓಡಬೇಕು. ನನ್ನನ್ನು ಕೇಳಿದರೆ ದೊಡ್ಡ ಯಂತ್ರಗಳಿಗಿಂತ ನೀರುಗಂಟಿಯ ಕೈಲಿರುವ ಈ ಹನಿ ಬಾಟಲಿ ಜೀವ ಉಳಿಸುವುದರಲ್ಲಿ ಮುಂದೆ.

ಗಂಗೆಯಂಥ ನದಿಗಳಲ್ಲಿ ಈಗ ನೀರೊಳಗೇ ಸೆನ್ಸರ್ ಇಳಿಬಿಟ್ಟಿದ್ದಾರೆ. ಪಿಎಚ್, ಡಿಒ, ಬಗ್ಗಡ ಎಷ್ಟಿದೆ ಅಂತ ಅವು ಬಿಡದೆ ಕಳಿಸುತ್ತಿರುತ್ತವೆ. ಅವುಗಳ ಮೇಲೆ ಪಾಚಿ ಕಟ್ಟುತ್ತದೆ, ಆಗಾಗ ಒರೆಸಿ ಅಳತೆ ಸರಿಮಾಡದಿದ್ದರೆ ಸುಳ್ಳು ಹೇಳತೊಡಗುತ್ತವೆ.

ಅಳೆಯದ ಊರಿನ ನೀರನ್ನು ಊಹಿಸುವುದು

ಈಗ ಊಹೆಯ ಭಾಗ. ಊಹೆ ಅಂದರೆ ಗಾಳಿಗೆ ಗುದ್ದುವುದಲ್ಲ, ಗೊತ್ತಿರುವುದನ್ನು ಹಿಡಿದು ಗೊತ್ತಿಲ್ಲದ್ದಕ್ಕೆ ಲೆಕ್ಕ ಹಾಕುವುದು.

ಫ್ಲೋರೈಡ್ ಎಲ್ಲಿ ಜಾಸ್ತಿ ಇರುತ್ತದೆ? ಗ್ರಾನೈಟ್ ಥರದ ಬಂಡೆ ಇರುವಲ್ಲಿ. ಮಳೆ ಕಡಿಮೆ ಇರುವಲ್ಲಿ. ನೀರು ಬಂಡೆಯ ಬಿರುಕಿನಲ್ಲಿ ಬಹಳ ಕಾಲ ನಿಂತಿರುವಲ್ಲಿ. ನೀರಲ್ಲಿ ಸುಣ್ಣದ ಅಂಶ ಕಡಿಮೆ ಇರುವಲ್ಲಿ. ಹಾಗಾದರೆ ಅಳೆದ ಸಾವಿರಾರು ಬಾವಿಗಳ ಅಂಕಿಯನ್ನೂ ಆ ಜಾಗಗಳ ಬಂಡೆ, ಮಳೆ, ಬಿಸಿಲು, ಮಣ್ಣಿನ ವಿವರಗಳನ್ನೂ ಕಂಪ್ಯೂಟರಿಗೆ ಕೊಟ್ಟರೆ, ಅಳೆಯದ ಜಾಗದ ಬಂಡೆ, ಮಳೆ ನೋಡಿ ಅದು ಅಂದಾಜು ಹೇಳಬಲ್ಲದು.

2018ರಲ್ಲಿ ಸ್ವಿಟ್ಜರ್ಲೆಂಡಿನ ಜಲ ಸಂಶೋಧನಾ ಸಂಸ್ಥೆಯಾದ ಇಯಾವಾಗ್‌ನ ವಿಜ್ಞಾನಿಗಳು ಭಾರತಕ್ಕೆ ಇಂಥದ್ದೇ ನಕ್ಷೆ ಮಾಡಿದರು. ಅವರ ಕೈಲಿದ್ದದ್ದು ದೇಶದ ಸುಮಾರು 12,600 ಅಳತೆಗಳು. ಅದರಿಂದ ಇಡೀ ದೇಶದ ಫ್ಲೋರೈಡ್ ಅಪಾಯದ ನಕ್ಷೆ ಬಂತು. ಸುಮಾರು 12 ಕೋಟಿ ಜನ ಅಪಾಯದ ಜಾಗಗಳಲ್ಲಿದ್ದಾರೆ ಅನ್ನುವುದು ಅವರ ಲೆಕ್ಕ.

ಅವರು ಬಳಸಿದ ವಿಧಾನದ ಹೆಸರು ರ್‍ಯಾಂಡಮ್ ಫಾರೆಸ್ಟ್. ಹೆಸರಿಗೆ ಕಾಡು, ಕೆಲಸದಲ್ಲಿ ಪಂಚಾಯಿತಿ ಕಟ್ಟೆ. ನೂರಾರು ಹಿರಿಯರು ಕೂತಿದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರಿಗೂ ಬೇರೆ ಬೇರೆ ಬಾವಿಗಳ ಅನುಭವ. "ಬಂಡೆ ಯಾವುದು? ಗ್ರಾನೈಟಾ? ಮಳೆ ಎಷ್ಟು?" ಅಂತ ಒಬ್ಬರು ತಮ್ಮದೇ ಕ್ರಮದಲ್ಲಿ ಪ್ರಶ್ನೆ ಕೇಳಿ "ಇಲ್ಲಿ ಫ್ಲೋರೈಡ್ ಜಾಸ್ತಿ" ಎನ್ನುತ್ತಾರೆ. ಇನ್ನೊಬ್ಬರು ಬೇರೆ ಪ್ರಶ್ನೆ ಕೇಳಿ "ಇಲ್ಲ" ಎನ್ನುತ್ತಾರೆ. ಕೊನೆಗೆ ಎಷ್ಟು ಜನ ಜಾಸ್ತಿ ಅಂದರು ಅಂತ ಎಣಿಸುತ್ತಾರೆ. ನೂರಕ್ಕೆ ಎಂಬತ್ತು ಜನ ಅಂದರೆ ಅಪಾಯ ಜಾಸ್ತಿ. ಒಬ್ಬರ ತಪ್ಪು ಗುಂಪಿನಲ್ಲಿ ತೊಳೆದುಹೋಗುತ್ತದೆ.

ಇದು ಸರಿಯೋ ತಪ್ಪೋ ಗೊತ್ತಾಗುವುದು ಹೇಗೆ? ಉತ್ತರ ಗೊತ್ತಿರುವ ಕೆಲವು ಬಾವಿಗಳನ್ನು ಮೊದಲೇ ಬಚ್ಚಿಟ್ಟಿರುತ್ತಾರೆ. ಕಲಿಸುವಾಗ ಅವನ್ನು ತೋರಿಸುವುದಿಲ್ಲ. ಆಮೇಲೆ ಅವನ್ನೇ ಪ್ರಶ್ನೆಯಾಗಿ ಕೊಟ್ಟು ಎಷ್ಟು ಸರಿ ಬಂತು ಅಂತ ನೋಡುತ್ತಾರೆ.

ಹರಿಯುವ ನೀರಿಗೆ ಅಮೆರಿಕದ ಭೂವಿಜ್ಞಾನ ಇಲಾಖೆ ಇಂಥದ್ದೇ ಒಂದು ಮಾದರಿ, ಅಂದರೆ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್, ಕಟ್ಟಿದೆ. ಹೆಸರು ಸ್ಪ್ಯಾರೋ, ನಮ್ಮ ಗುಬ್ಬಿ! ಯಾವ ಜಮೀನಿಗೆ ಎಷ್ಟು ಗೊಬ್ಬರ ಬಿತ್ತು, ಯಾವ ಊರಿನ ಚರಂಡಿ ಯಾವ ಹಳ್ಳಕ್ಕೆ ಸೇರಿತು, ದಾರಿಯಲ್ಲಿ ಎಷ್ಟು ಕಳೆದುಹೋಯಿತು ಅಂತೆಲ್ಲ ಲೆಕ್ಕ ಇಟ್ಟು, ಅಳತೆ ಕೇಂದ್ರವೇ ಇಲ್ಲದ ಹಳ್ಳದಲ್ಲೂ ಸಾರಜನಕ, ರಂಜಕ ಎಷ್ಟಿರಬಹುದು ಅಂತ ಅದು ಹೇಳುತ್ತದೆ. ನಮ್ಮ ಭದ್ರಾ ನಾಲೆಯ ಭತ್ತದ ಗದ್ದೆಗಳಿಂದ ಬಸಿದ ನೀರು ಯಾವ ಯಾವ ಹಳ್ಳ ಹಿಡಿದು ಹೊಳೆ ಸೇರುತ್ತದೆ ಅಂತ ಯೋಚಿಸಿದರೆ ಇಂಥ ಲೆಕ್ಕ ಯಾಕೆ ಬೇಕು ಅಂತ ತಿಳಿಯುತ್ತದೆ.

ನಾಳೆಯ ನೀರು

ಮೊದಲು ಸರಳವಾದ ಬೆರಕೆ ಲೆಕ್ಕ. ಹೊಳೆಯಲ್ಲಿ ಸೆಕೆಂಡಿಗೆ 100 ಲೀಟರ್ ಹರಿಯುತ್ತಿದೆ, ಅದರ ಬಿಒಡಿ 2 ಅನ್ನೋಣ. ಚರಂಡಿಯಿಂದ ಸೆಕೆಂಡಿಗೆ 10 ಲೀಟರ್ ಬರುತ್ತಿದೆ, ಅದರ ಬಿಒಡಿ 60. ಬೆರೆತಾಗ? 100ನ್ನು 2ರಿಂದ ಗುಣಿಸಿದರೆ 200, 10ನ್ನು 60ರಿಂದ ಗುಣಿಸಿದರೆ 600, ಒಟ್ಟು 800. ಅದನ್ನು 110 ಲೀಟರಿಗೆ ಹಂಚಿದರೆ 7 ಚಿಲ್ಲರೆ. ಈಗ ಏಪ್ರಿಲ್ ಬಂತು, ಹೊಳೆ 20 ಲೀಟರಿಗೆ ಇಳಿಯಿತು. ಚರಂಡಿ ಮಾತ್ರ ಅಷ್ಟೇ ಇದೆ. ಲೆಕ್ಕ ಹಾಕಿದರೆ 21 ದಾಟುತ್ತದೆ. ಊರು ಒಂದು ಚಮಚ ಕೊಳೆಯನ್ನೂ ಹೆಚ್ಚು ಸುರಿಯಲಿಲ್ಲ, ಆದರೂ ಹೊಳೆ ಮೂರು ಪಟ್ಟು ಕೆಟ್ಟಿತು. ಹರಿವಿನ ಅಂಕಿ ಯಾಕೆ ಮುಖ್ಯ ಅಂದಿದ್ದು ಇದಕ್ಕೇ.

ಎರಡನೆಯದು ಇನ್ನೂ ಸ್ವಾರಸ್ಯ. ಚರಂಡಿ ಸೇರುವ ಜಾಗದಲ್ಲೇ ಆಮ್ಲಜನಕ ಅತಿ ಕಡಿಮೆ ಇರಬೇಕು ಅಂತ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. 1925ರಲ್ಲಿ ಅಮೆರಿಕದ ಒಹಾಯೊ ನದಿಯನ್ನು ಅಧ್ಯಯನ ಮಾಡಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಇದಕ್ಕೊಂದು ಸಮೀಕರಣ ಬರೆದರು. ಇವತ್ತಿನ ದೊಡ್ಡ ದೊಡ್ಡ ಮಾದರಿಗಳ ತಾಯಿಬೇರು ಅದೇ.

ಮದುವೆ ಊಟ ನೆನಪು ಮಾಡಿಕೊಳ್ಳಿ. ಮೊದಲ ಪಂಕ್ತಿ ಕೂತಾಗ ಅನ್ನದ ಬುಟ್ಟಿ ತುಂಬಿರುತ್ತದೆ. ಉಣ್ಣುವವರು ಬಿರುಸು, ಹೊಸ ಅನ್ನ ಬಸಿಯುವವರು ನಿಧಾನ. ಬುಟ್ಟಿ ತಳ ಕಾಣುವುದು ಜನ ಬಂದ ಕ್ಷಣದಲ್ಲಲ್ಲ, ಎರಡು ಪಂಕ್ತಿ ಎದ್ದ ಮೇಲೆ. ಆಮೇಲೆ ಜನ ಕರಗುತ್ತಾ ಹೋದಂತೆ ಬುಟ್ಟಿ ಮತ್ತೆ ತುಂಬುತ್ತದೆ. ಉಣ್ಣುವವರು ಬ್ಯಾಕ್ಟೀರಿಯಾ, ಅನ್ನ ಆಮ್ಲಜನಕ, ಹೊಸದಾಗಿ ಬಸಿಯುವುದು ಗಾಳಿ. ಹೊಳೆಯ ಆಮ್ಲಜನಕ ತಳ ಮುಟ್ಟುವುದು ಚರಂಡಿಯಿಂದ ಎಷ್ಟೋ ಕಿಲೋಮೀಟರ್ ಕೆಳಗೆ. ಅಲ್ಲಿ ಮೀನು ಸತ್ತು ತೇಲಿದಾಗ ಆ ಊರಿನವರು ತಮ್ಮ ದಡದಲ್ಲೇ ಕಾರಣ ಹುಡುಕುತ್ತಾರೆ. ಕಾರಣ ಮೇಲಿನ ಊರಲ್ಲಿ, ಒಂದೆರಡು ದಿನದ ಹಿಂದೆ ಇರುತ್ತದೆ.

ಮಳೆಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಮುಂಗಾರಿನ ಮೊದಲ ಕೆಂಪು ನೀರು ಹೊಲ, ಬೀದಿ, ಚರಂಡಿ ಎಲ್ಲವನ್ನೂ ತೊಳೆದು ತರುತ್ತದೆ. ಮಳೆ ಮುನ್ಸೂಚನೆ ಕೈಲಿದ್ದರೆ ಯಾವ ದಿನ ಬಗ್ಗಡ ಏರುತ್ತದೆ ಅಂತ ಮೊದಲೇ ಹೇಳಬಹುದು. ನೀರು ಶುದ್ಧೀಕರಣ ಘಟಕದವರು ಅಷ್ಟರಲ್ಲಿ ಬಗ್ಗಡ ತಳಕ್ಕಿಳಿಸುವ ಆಲಂ ಜಾಸ್ತಿ ಇಟ್ಟುಕೊಳ್ಳಬಹುದು, ಅಥವಾ ಕೆರೆಯನ್ನು ಮೊದಲೇ ತುಂಬಿಸಿಕೊಂಡು ಎರಡು ದಿನ ಹೊಳೆಯಿಂದ ಎತ್ತದೆ ಸುಮ್ಮನಿರಬಹುದು.

ದೊಡ್ಡ ಕೆರೆಗಳಿಗೆ ಆಕಾಶದ ಕಣ್ಣೂ ಇದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು ಐದು ದಿನಕ್ಕೊಮ್ಮೆ ಒಂದು ಜಾಗದ ಚಿತ್ರ ತೆಗೆಯುತ್ತವೆ. ಚಿತ್ರದ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್. ಸೂಳೆಕೆರೆ, ವಾಣಿವಿಲಾಸ ಸಾಗರದಂಥ ನೀರಿನ ಹರವು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಪಾಚಿಯ ಹಸಿರು ಯಾವ ಮೂಲೆಯಿಂದ ಹಬ್ಬುತ್ತಿದೆ ಅಂತ ಪತ್ತೆ ಹಚ್ಚಬಹುದು. ಆದರೆ ಉಪಗ್ರಹಕ್ಕೆ ಕಾಣುವುದು ಬಣ್ಣ ಮಾತ್ರ. ಫ್ಲೋರೈಡ್‌ಗೆ ಬಣ್ಣವಿಲ್ಲ, ನೈಟ್ರೇಟ್‌ಗೆ ಬಣ್ಣವಿಲ್ಲ. ಮಳೆಗಾಲದಲ್ಲಿ ಮೋಡ ಕವಿದರೆ ಅದೂ ಇಲ್ಲ.

ಊಹೆ ಎಲ್ಲಿ ಎಡವುತ್ತದೆ

ಮಾದರಿ ಕಲಿಯುವುದು ಹಿಂದಿನದನ್ನು ನೋಡಿ. ಹಿಂದೆ ಕಾಣದ್ದು ಬಂದರೆ ಅದಕ್ಕೆ ದಿಕ್ಕು ತೋಚುವುದಿಲ್ಲ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ನಡುವಿನ ಒಣ ವರ್ಷಗಳ ಅಂಕಿಯನ್ನಷ್ಟೇ ಕಲಿತ ಮಾದರಿಗೆ ತುಂಬಿದ ಕೆರೆಯ ಸುತ್ತಲಿನ ನೆಲದಡಿ ನೀರು ಹೇಗೆ ನಡೆದುಕೊಳ್ಳುತ್ತದೆ ಅಂತ ಹೇಗೆ ಗೊತ್ತಾಗಬೇಕು?

ರಾತ್ರೋರಾತ್ರಿ ಯಾರೋ ಟ್ಯಾಂಕರ್ ತಂದು ಹಳ್ಳಕ್ಕೆ ಸುರಿದು ಹೋದದ್ದನ್ನೂ ಯಾವ ಲೆಕ್ಕವೂ ಮುಂಚೆ ಹೇಳಲಾರದು. ಕೊಳಾಯಿ ಎಲ್ಲಿ ಒಡೆದು ಚರಂಡಿ ಒಳನುಗ್ಗುತ್ತದೆ ಅನ್ನುವುದೂ ಹಾಗೆಯೇ.

ಇನ್ನೊಂದು, ನಕ್ಷೆಯನ್ನು ಓದುವ ರೀತಿ. "ಚಳ್ಳಕೆರೆ ಕಡೆ ಅಪಾಯ ಜಾಸ್ತಿ" ಅಂತ ನಕ್ಷೆ ಹೇಳಿದರೆ ಅಲ್ಲಿಯ ಪ್ರತಿ ಬೋರ್‌ವೆಲ್ ಕೆಟ್ಟದ್ದು ಅಂತ ಅರ್ಥವಲ್ಲ. ನಕ್ಷೆಯಲ್ಲಿ ಚೊಕ್ಕ ಅಂತ ಕಂಡ ಊರಲ್ಲಿ ಒಂದು ಕೆಟ್ಟ ಬೋರ್‌ವೆಲ್ ಇರಲಾರದು ಅಂತಲೂ ಅಲ್ಲ. ಮೊದಲು ಎಲ್ಲಿಗೆ ಬಾಟಲಿ ತಗೊಂಡು ಹೋಗಬೇಕು ಅಂತ ನಕ್ಷೆ ಹೇಳುತ್ತದೆ. ಬಾಟಲಿಯ ಕೆಲಸವನ್ನು ಅದು ಮಾಡುವುದಿಲ್ಲ.

ಅತ್ತೆಯ ಊರಿನ ಕಾಗದ

ಸರಿ, ಅತ್ತೆಗೆ ಫೋನ್ ಮಾಡಿದೆ. ಫ್ಲೋರೈಡ್ 2.1 ಅಂದರೆ ಕೊನೆಯ ಮಿತಿ 1.5 ದಾಟಿದೆ, ಕುಡಿಯಲು, ಅಡುಗೆಗೆ ಬೇಡ ಎಂದೆ. ಸ್ನಾನಕ್ಕೆ, ಬಟ್ಟೆಗೆ ಚಿಂತೆಯಿಲ್ಲ. "ಕಾಯ್ಸಿ ಕುಡಿದ್ರೆ?" ಎಂದರು. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಫ್ಲೋರೈಡ್ ಸಾಯುವಂಥದ್ದಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ, ನೈಟ್ರೇಟೂ ಅಷ್ಟೇ ಎಂದೆ. ಊರಿನ ಶುದ್ಧ ನೀರಿನ ಘಟಕದ ನೀರನ್ನೂ ಒಮ್ಮೆ ಪರೀಕ್ಷೆಗೆ ಕಳಿಸಲಿ, ಅದರ ಫಿಲ್ಟರ್ ಹಳೆಯದಾಗಿದ್ದರೆ ಫ್ಲೋರೈಡ್ ಹಾಗೇ ದಾಟಿ ಬರಬಹುದು ಅಂತಲೂ ಹೇಳಿದೆ.

ಟಿಡಿಎಸ್ 1100 ಅಂದರೆ ಬೇರೆ ನೀರು ಇಲ್ಲದಿದ್ದರೆ ನಡೆಯುತ್ತದೆ. ಕೋಲಿಫಾರ್ಮ್ ಎದುರಿನ ಜಾಗ ಖಾಲಿ ಇತ್ತು. ಖಾಲಿ ಅಂದರೆ ಇಲ್ಲ ಅಂತಲ್ಲ, ನೋಡಿಲ್ಲ ಅಂತ. ನೀರು ಹಿಡಿದ ತಾರೀಕು ಇತ್ತು, ಮೇ ತಿಂಗಳದ್ದು.

"ಅತ್ತೆ, ಇದು ಯಾವ ಬೋರಿನ ನೀರು?" ಎಂದು ಕೇಳಿದೆ.

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಊರಲ್ಲಿ ಮೂರು ಬೋರು ಇದಾವೆ ಕಣೋ. ಇದ್ರಲ್ಲಿ ಯಾವ್ದು ಅಂತ ಬರ್ದೇ ಇಲ್ವಲ್ಲ. ತಡಿ, ಬೆಳಿಗ್ಗೆ ನೀರುಗಂಟಿನೇ ಹಿಡ್ಕೊಂಡು ಕೇಳ್ತೀನಿ" ಎಂದರು.